ಎಬಿಎಸ್ ಲೈಟಿಗೆ ಟೇಪ್ ಅಂಟಿಸಬೇಡಿ, ಡಬ್ಬಿಗೆ ಸ್ಪ್ಯಾನರ್ ಹಾಕಬೇಡಿ

ಇವತ್ತು ಬೆಳೆ ವಿಷಯ ಅಲ್ಲ, ಬೈಕ್ ವಿಷಯ. ಡೈರಿಗೆ ಹಾಲು ಹಾಕೋಕೆ, ಗೊಬ್ಬರ ತರೋಕೆ, ಸಂತೆಗೆ ಹೋಗೋಕೆ ನಮಗೆಲ್ಲ ಬೈಕೇ ಗತಿ. ಹಾಗಾಗಿ ಇದೂ ಬೇಸಾಯದ ಮಾತೇ ಅಂದ್ಕೊಂಡು ಓದಿ. ಸ್ವಲ್ಪ ಉದ್ದ ಇದೆ.

ಹೋದ ಮಳೆಗಾಲದಲ್ಲಿ ನನ್ನ 150 ಸಿಸಿ ಬೈಕಿನ ಮೀಟರಲ್ಲಿ ಹಳದಿ ಎಬಿಎಸ್ ಲೈಟ್ ಆರದೆ ಉರೀತಾನೇ ಇತ್ತು. ಬ್ರೇಕ್ ಒತ್ತಿದ್ರೆ ಹಿಡೀತಿತ್ತು. "ಎಬಿಎಸ್ ಇಲ್ಲದ ಕಾಲದಲ್ಲಿ ನಾವು ಗಾಡಿ ಓಡಿಸಿಲ್ವಾ" ಅಂತ ಅಸಡ್ಡೆ. ರಾತ್ರಿ ಕಣ್ಣಿಗೆ ಚುಚ್ಚುತ್ತೆ ಅಂತ ಲೈಟ್ ಮೇಲೆ ಕಪ್ಪು ಟೇಪ್ ಅಂಟಿಸಿ ಎರಡು ತಿಂಗಳು ಓಡಿಸಿದೆ.

ಒಂದು ಬೆಳಿಗ್ಗೆ ಜಿಟಿಜಿಟಿ ಮಳೆ. ಹಿಂದೆ ಮನೆಯವಳು ಕೂತಿದ್ಲು, ಪಕ್ಕಕ್ಕೆ ಹಾಲಿನ ಕ್ಯಾನ್. ಹೊಲದಿಂದ ಬಂದ ಟ್ರ್ಯಾಕ್ಟರ್ ಚಕ್ರದ ಮಣ್ಣು ಟಾರ್ ರೋಡ್ ತುಂಬಾ ಉದುರಿತ್ತು. ನಾಯಿ ಅಡ್ಡ ಬಂತು, ಮುಂದಿನ ಬ್ರೇಕ್ ಗಟ್ಟಿ ಹಿಡಿದೆ, ಚಕ್ರ ಲಾಕ್ ಆಗಿ ಜಾರಿತು. ನನಗೆ ಮೊಣಕಾಲು ತರಚಿತು ಅಷ್ಟೆ. ಅವಳ ಮಣಿಕಟ್ಟು ಮುರೀತು. ಆರು ವಾರ ಪಟ್ಟಿ. ಅವಳ ಕೈ ಅಭ್ಯಾಸ ಆದ ಹಸು ನನ್ನ ಕೈಗೆ ಸರಿಯಾಗಿ ಸೊರೆ ಬಿಡ್ಲಿಲ್ಲ. ದಿನಾ ಒದೆ ತಿಂದು ಹಾಲು ಕರೆದಿದ್ದೀನಿ.

ಆಮೇಲೆ ಕೂತು ನೋಡಿದ್ರೆ, ಮುಂದಿನ ಚಕ್ರದ ಡಿಸ್ಕ್ ಪಕ್ಕ ಇರೋ ತೂತುತೂತಿನ ರಿಂಗಿಗೂ ಸೆನ್ಸರಿಗೂ ನಡುವೆ ಮಣ್ಣು ಗಟ್ಟಿಯಾಗಿ ಕೂತಿತ್ತು. ಒದ್ದೆ ಬಟ್ಟೆ, ಹಳೇ ಹಲ್ಲುಜ್ಜೋ ಬ್ರಶ್, ಹತ್ತು ನಿಮಿಷ. ಸ್ವಲ್ಪ ದೂರ ಓಡಿಸಿದೆ, ಲೈಟ್ ಆರಿತು. ಹತ್ತು ನಿಮಿಷದ ಕೆಲಸಕ್ಕೆ ಅವಳ ಕೈ ಹೋಯ್ತು.

2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ 125 ಸಿಸಿಗಿಂತ ದೊಡ್ಡ ಹೊಸ ಬೈಕಿಗೆಲ್ಲ ಎಬಿಎಸ್ ಕಡ್ಡಾಯ. ಇದು ಬ್ರೇಕಿನ ಜೋರು ಹೆಚ್ಚಿಸೋ ಸಾಮಾನಲ್ಲ. ಚಕ್ರ ನಿಂತು ಜಾರೋ ಹೊತ್ತಿಗೆ ಸೆನ್ಸರ್ ತಿಳಿಸುತ್ತೆ, ಡಬ್ಬಿ ಒಳಗಿನ ವಾಲ್ವು ಒಂದು ಸೆಕೆಂಡಲ್ಲಿ ಎಷ್ಟೋ ಸಲ ಬ್ರೇಕ್ ಬಿಟ್ಟು ಹಿಡಿಯುತ್ತೆ. ಲೈಟ್ ಉರೀತಿದೆ ಅಂದ್ರೆ ಬ್ರೇಕ್ ಇದೆ, ಈ ಕಾವಲು ಇಲ್ಲ ಅಂತ ಅರ್ಥ.

ಈಗ ಇನ್ನೊಂದು ಕಡೆಯ ಮಾತು. ನನ್ನ ಅಕ್ಕನ ಮಗ ಒಂದು ವಿಡಿಯೋ ತೋರಿಸಿದ. ವಿದೇಶದಲ್ಲಿ ಒಬ್ಬ ಮನೇಲೇ ಬಿಎಂಡಬ್ಲ್ಯು ಬೈಕಿನ ಸರ್ವೋ ಎಬಿಎಸ್ ಡಬ್ಬಿ ಬಿಚ್ಚಿ ರಿಪೇರಿ ಮಾಡ್ತಾನೆ. "ಮಾವ, ನಮ್ಮದನ್ನೂ ಬಿಚ್ಚೋಣ" ಅಂದ. ಆ ಕಂಪನಿ 2001ರಲ್ಲಿ ತಂದ ಆ ಏರ್ಪಾಟಲ್ಲಿ ಕರೆಂಟ್ ಪಂಪು ಕೈಗೆ ಬಲ ಕೊಡುತ್ತೆ. ಕೀ ಆಫ್ ಮಾಡಿದ್ರೆ ಬ್ರೇಕೇ ಅರೆಬರೆ. ನಮ್ಮ ಬೈಕಲ್ಲಿ ಸರ್ವೋ ಇಲ್ಲ, ಕೈ ಎಷ್ಟು ಒತ್ತುತ್ತೋ ಅಷ್ಟೇ. ಆ ವಿಡಿಯೋ ನೋಡಿ ಇದನ್ನ ಬಿಚ್ಚೋದು, ಎತ್ತಿನ ಔಷಧಿ ಕೋಳಿಗೆ ಕೊಟ್ಟ ಹಾಗೆ.

ನಾವು ಪಂಪ್‌ಸೆಟ್ ಬಿಚ್ತೀವಿ, ಟಿಲ್ಲರ್ ಕಾರ್ಬುರೇಟರ್ ಬಿಚ್ತೀವಿ, ತಪ್ಪಿಲ್ಲ. ಪಂಪು ಕೈಕೊಟ್ರೆ ನೀರು ಒಂದು ದಿನ ತಡ. ಎಬಿಎಸ್ ಡಬ್ಬಿಯ ಒಳಗಿನ ಸೀಲು, ವಾಲ್ವು ನಮ್ಮ ಕಡೆ ಅಂಗಡೀಲಿ ಬಿಡಿಯಾಗಿ ಸಿಗಲ್ಲ. ಒಂದು ಚೂರು ಧೂಳು ಒಳಗೆ ಹೋದ್ರೆ ಗೊತ್ತಾಗೋದು ಬ್ರೇಕ್ ಒತ್ತಿದಾಗಲೇ.

ಹಾಗಾದ್ರೆ ಮನೇಲಿ ಏನು ಮಾಡಬಹುದು? ನನ್ನ ಲೆಕ್ಕ ಹೀಗಿದೆ.

ಒಂದು, ಸೆನ್ಸರು ರಿಂಗು ಒರೆಸಿ. ಪಂಚರ್ ಹಾಕಿಸಿದ ಮೇಲೆ ಲೈಟ್ ಬಂದ್ರೆ ರಿಂಗ್ ಬಗ್ಗಿದೆಯಾ ನೋಡಿ. ಔಷಧಿ ಹೊಡೆಯೋ ಪವರ್ ಸ್ಪ್ರೇಯರಲ್ಲಿ ಅಲ್ಲಿಗೆ ನೇರ ನೀರು ಹೊಡೀಬೇಡಿ.

ಎರಡು, ಸೆನ್ಸರ್ ವೈರ್ ನೋಡಿ. ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸೋರ ವೈರನ್ನ ಇಲಿ ಬಿಡಲ್ಲ. ಫ್ಯೂಸೂ ನೋಡಿ. ಬ್ಯಾಟರಿ ಸೋತಿದ್ರೂ ಲೈಟ್ ಬರುತ್ತೆ.

ಮೂರು, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ. ಅದು ಗಾಳಿಯ ತೇವ ಎಳ್ಕೊಳ್ಳುತ್ತೆ. ಮುಚ್ಚಳದ ಮೇಲೆ ಡಾಟ್ 4 ಅಂತ ಇದ್ರೆ ಅದನ್ನೇ, ಹೊಸ ಸೀಲ್ ಬಾಟ್ಲಿಂದ ಹಾಕಿ. ಟ್ರ್ಯಾಕ್ಟರಿನ ಆಯಿಲ್ ಬ್ರೇಕಿಗೆ ಹಾಕೋ ಎಣ್ಣೆ, ಎಂಜಿನ್ ಆಯಿಲ್ ಇದಕ್ಕೆ ಹಾಕಿದ್ರೆ ರಬ್ಬರ್ ಊದಿ ಬ್ರೇಕ್ ಹಾಳಾಗುತ್ತೆ. ಬದಲಿಸುವಾಗ ಮೇಲಿನ ಕಪ್ಪು ಖಾಲಿಯಾಗೋಕೆ ಬಿಡಬೇಡಿ. ಗಾಳಿ ಡಬ್ಬಿ ಒಳಗೆ ಸೇರಿದ್ರೆ ತೆಗೆಯೋಕೆ ಸ್ಕ್ಯಾನರ್ ಇರೋ ಗ್ಯಾರೇಜಿಗೇ ಹೋಗಬೇಕಾಗಬಹುದು. ಹಳೇದರಲ್ಲಿ ಎಣ್ಣೆ ಮಟ್ಟ ಕೆಳಗಿಳಿದಿದ್ರೆ ಬರೀ ಸುರಿದು ಸುಮ್ಮನಾಗಬೇಡಿ. ಪ್ಯಾಡ್ ಸವೆದಿರಬಹುದು, ಇಲ್ಲಾ ಎಲ್ಲೋ ಸೋರ್ತಿರಬಹುದು.

ಇಷ್ಟು ಮಾಡಿದ್ರೂ ಲೈಟ್ ಆರಲಿಲ್ಲ ಅಂದ್ರೆ ಅಲ್ಲಿಗೆ ನಮ್ಮ ಕೆಲಸ ಮುಗೀತು. ಸ್ಕ್ಯಾನರ್ ಇಟ್ಟಿರೋ ಮೆಕ್ಯಾನಿಕ್ ಹತ್ರ ಹೋಗಿ, ಯಾವ ಕೋಡ್ ಬಂತು ಅಂತ ಕೇಳಿ ಬರೆದಿಟ್ಕೊಳ್ಳಿ. ಕೋಡ್ ನೋಡದೆ "ಯೂನಿಟ್ಟೇ ಬದಲಿಸಬೇಕು" ಅನ್ನೋರ ಮಾತು ನಂಬಬೇಡಿ. ದುಡ್ಡು ಜಾಸ್ತಿ ಅಂತೀರಾ? ನಿಜ. ನಾನೂ ಹಾಗೇ ಅಂದ್ಕೊಂಡಿದ್ದೆ, ಆಸ್ಪತ್ರೆ ಬಿಲ್ ನೋಡೋವರೆಗೂ.

ನಾಳೆ ಡೈರಿಗೆ ಹೋಗೋ ಮುಂಚೆ ಒಂದು ಸಲ ಮೀಟರ್ ನೋಡಿ. ಕೀ ಆನ್ ಮಾಡಿದಾಗ ಲೈಟ್ ಹತ್ತಬೇಕು, ಗಾಡಿ ಸ್ವಲ್ಪ ಓಡಿದ ಮೇಲೆ ಆರಬೇಕು. ನನ್ನ ಹಾಗೆ ಟೇಪ್ ಅಂಟಿಸಿದ್ರೆ ಇವತ್ತೇ ಕಿತ್ತಾಕಿ. ಮನೆಯವಳ ಕೈ ಈಗ ಸರಿಹೋಗಿದೆ, ಆದ್ರೆ ಚಳಿಗೆ ನೋವು ಅಂತಾಳೆ. ಅವಳು ಹಾಗಂದಾಗೆಲ್ಲ ನನಗೆ ಆ ಟೇಪೇ ನೆನಪಾಗೋದು.