ಮದರಾಸು ವೀಕ್ಷಣಾಲಯ ಮತ್ತು ಕನ್ನಡ ಗದ್ಯದ ಚರಿತ್ರೆ

ಹತ್ತೊಂಬತ್ತನೆಯ ಶತಮಾನದ ಕನ್ನಡ ಗದ್ಯವನ್ನು ಕುರಿತ ನಮ್ಮ ಚರ್ಚೆಗಳು ಸಾಮಾನ್ಯವಾಗಿ ಕೆಂಪುನಾರಾಯಣನಿಂದ ಹೊರಟು, ಮಿಶನರಿಗಳ ಮುದ್ರಣಾಲಯಗಳನ್ನು ಹಾಯ್ದು, ಮುದ್ದಣನಲ್ಲಿಗೆ ಬಂದು ನಿಲ್ಲುತ್ತವೆ. ಈ ದಾರಿಯಲ್ಲಿ ಮದರಾಸಿನ ಖಗೋಳ ವೀಕ್ಷಣಾಲಯ ಸಿಗುವುದಿಲ್ಲ. ಸಿಗಬೇಕಿತ್ತು ಎಂಬುದು ನನ್ನ ವಾದ.

ಕಂಪನಿಯ ಅಧಿಕಾರಿ ವಿಲಿಯಂ ಪೆಟ್ರಿ 1786ರಲ್ಲಿ ಎಗ್ಮೋರಿನಲ್ಲಿ ಸ್ವಂತಕ್ಕೆಂದು ಕಟ್ಟಿಕೊಂಡಿದ್ದ ವೀಕ್ಷಣಾಲಯವನ್ನು ಈಸ್ಟ್ ಇಂಡಿಯಾ ಕಂಪನಿ 1790ರಲ್ಲಿ ವಹಿಸಿಕೊಂಡಿತು. 1792ರಲ್ಲಿ ನುಂಗಂಬಾಕ್ಕಂನಲ್ಲಿ ಹೊಸ ಕಟ್ಟಡ ಎದ್ದಿತು. ಅಲ್ಲಿ ವೇಧಯಂತ್ರವನ್ನು ಹೊತ್ತಿದ್ದ ಹದಿನೈದು ಅಡಿಯ ಕಲ್ಲುಕಂಬದ ಮೇಲೆ ಬ್ರಿಟಿಷರ ಔದಾರ್ಯವನ್ನು ಸಾವಿರ ವರ್ಷದಾಚೆಯವರಿಗೂ ಸಾರುವ ಶಾಸನವಿದೆ. ಲ್ಯಾಟಿನ್ನಿನೊಂದಿಗೆ ತಮಿಳು, ತೆಲುಗುಗಳಲ್ಲಿಯೂ ಅದನ್ನು ಕೊರೆಯಲಾಗಿದೆ, ಕನ್ನಡದಲ್ಲಿಲ್ಲ.

ಕನ್ನಡ ಅಲ್ಲಿಗೆ ಪ್ರವೇಶಿಸಿದ್ದು ಆಳುವವರ ಶಾಸನದಿಂದಲ್ಲ, ಸ್ಥಳೀಯ ಸಹಾಯಕನೊಬ್ಬನ ಶ್ರಮದಿಂದ. ನಾರ್ಮನ್ ಪಾಗ್ಸನ್ ಕೈಕೆಳಗಿದ್ದ ಚಿಂತಾಮಣಿ ರಘುನಾಥಾಚಾರಿ (1828–1880), ಉತ್ತರ ದಕ್ಷಿಣ ರೇಖೆಯಲ್ಲಿ ಮಾತ್ರ ತಿರುಗುವ ಮೆರಿಡಿಯನ್ ಸರ್ಕಲ್ ದೂರದರ್ಶಕದಿಂದ 1867ರಲ್ಲಿ 'ಆರ್ ರೆಟಿಕ್ಯುಲೈ' ಎಂಬ ಚಂಚಲ ನಕ್ಷತ್ರವನ್ನು ಪತ್ತೆಹಚ್ಚಿದವರು. 1874ರ ಡಿಸೆಂಬರ್ 9ರ ಶುಕ್ರಸಂಕ್ರಮಣವನ್ನು ವಿವರಿಸಲು ಅವರು ಪ್ರಕಟಿಸಿದ ಪುಸ್ತಿಕೆ ಇಂಗ್ಲಿಷ್, ಉರ್ದುಗಳಲ್ಲದೆ ಕನ್ನಡದಲ್ಲಿಯೂ ಬಂದಿತು. ದೇಶಭಾಷೆಗಳ ಆವೃತ್ತಿಗಳು ಉದ್ದೇಶಿಸಿದ್ದು ವಿಶೇಷವಾಗಿ ಸಾಂಪ್ರದಾಯಿಕ ಜ್ಯೋತಿಷಿಗಳನ್ನು.

ಇಲ್ಲಿಯೇ ಗದ್ಯದ ಪ್ರಶ್ನೆ ಏಳುತ್ತದೆ. ಈ ಓದುಗರು ನವಶಿಕ್ಷಿತರಲ್ಲ. ಲಂಬನ, ಸ್ಫುಟ, ಗ್ರಹಣಗಳ ಪರಿಭಾಷೆಯನ್ನು ಕರಗತ ಮಾಡಿಕೊಂಡ ವಿದ್ವಾಂಸರು. ಅವರಿಗೆ ದೂರದರ್ಶಕದ ಜ್ಞಾನವನ್ನು ಹೇಳಹೊರಟ ಭಾಷೆ ಯಾವ ಪದವನ್ನು ಉಳಿಸಿಕೊಂಡಿತು, ಯಾವುದಕ್ಕೆ ಹೊಸ ಅರ್ಥ ತುಂಬಿತು? ವಸಾಹತುಶಾಹಿ ಆಧುನಿಕತೆಯನ್ನು ಕುರಿತು ನಾವು ಪುಟಗಟ್ಟಲೆ ಬರೆಯುತ್ತೇವೆ. ಅದು ಕನ್ನಡ ವಾಕ್ಯದೊಳಗೆ ನಡೆಸಿದ ಕೊಡುಕೊಳೆಯನ್ನು ಇಂಥ ಪುಸ್ತಿಕೆಗಳಲ್ಲಿ ಹುಡುಕುವುದು ಕಡಿಮೆ. ಇದು ಅನುವಾದ, ಸಾಹಿತ್ಯವಲ್ಲ ಎಂಬ ಆಕ್ಷೇಪ ಬರಬಹುದು. ಮಿಶನರಿಗಳ ಕರಪತ್ರಗಳಿಗೆ, ವ್ಯಾಕರಣ ನಿಘಂಟುಗಳಿಗೆ ಚರಿತ್ರೆಯಲ್ಲಿ ಜಾಗ ಕೊಟ್ಟಿರುವ ನಾವು ಆ ಮಾತನ್ನು ಆಡುವಂತಿಲ್ಲ.

ಈ ಪುಸ್ತಿಕೆಯ ಕನ್ನಡ, ಇಂಗ್ಲಿಷ್ ರೂಪಗಳನ್ನು ಆಧರಿಸಿ 2012ರಲ್ಲಿ ಪ್ರಬಂಧ ಪ್ರಕಟಿಸಿದವರು ಖಗೋಳ ವಿಜ್ಞಾನಿ ಬಿ.ಎಸ್. ಶೈಲಜಾ. ಅವರ ಕಾಳಜಿ ಸಹಜವಾಗಿಯೇ ಖಗೋಳ ವಿಜ್ಞಾನದ್ದು. ಭಾಷೆಯನ್ನು ಕುರಿತ ಕೆಲಸ ನಮ್ಮದು. ಮದರಾಸಿನ ಖಗೋಳ ಸಂಶೋಧನೆ 1899ರಲ್ಲಿ ಕೊಡೈಕನಾಲಿಗೆ ಸಾಗಿತು. ಅದರ ವಾರಸುದಾರನಾದ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯೂ ಅದರ ಪತ್ರಾಗಾರವೂ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ.