ನೆರೆ ಇಳಿದ ಮೇಲೆ ನೆರೆಯವರು

ಕ್ರೈಸ್ತ ನೀತಿಯ ತಿರುಳು ಎರಡು ಆಜ್ಞೆಗಳಲ್ಲಿದೆ. ದೇವರ ಮೇಲಿನ ಪ್ರೀತಿ ಒಂದು, ನೆರೆಯವರ ಮೇಲಿನ ಪ್ರೀತಿ ಇನ್ನೊಂದು. ಎರಡನೆಯದಕ್ಕೆ ಕನ್ನಡ ಬೈಬಲ್ ಬಳಸುವ ಮಾತು ‘ನೆರೆಯವನು’. ಕನ್ನಡದಲ್ಲಿ ನೆರೆ ಎಂದರೆ ಪಕ್ಕ. ನೆರೆ ಎಂದರೆ ಪ್ರವಾಹವೂ ಹೌದು. ಅಮರ್ಜಾ ಹೊಳೆ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನಲ್ಲಿ ಹರಿದು ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಅಫಜಲಪುರವನ್ನು ದಾಟಿ ಜೇವರ್ಗಿಯತ್ತ ಸಾಗುತ್ತಾಳೆ. ಈ ಸೀಮೆಯಲ್ಲಿ ನೆರೆ ಬಂದಾಗಲೇ ನೆರೆಯವರು ಯಾರೆಂಬ ಪ್ರಶ್ನೆಯೂ ಬಾಗಿಲಿಗೆ ಬಂದು ನಿಲ್ಲುತ್ತದೆ.

ಆ ಪ್ರಶ್ನೆ ಹಳೆಯದು. ಧರ್ಮಶಾಸ್ತ್ರ ಬಲ್ಲವನೊಬ್ಬ ಯೇಸುವನ್ನು ಇದನ್ನೇ ಕೇಳಿದನೆಂದು ಲೂಕನ ಸುವಾರ್ತೆಯ 10ನೆಯ ಅಧ್ಯಾಯ ಹೇಳುತ್ತದೆ. ಉತ್ತರವಾಗಿ ಬಂದದ್ದು ಒಂದು ಕಥೆ. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕು ಅರೆಜೀವವಾಗಿ ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡು ಆಚೆ ಬದಿಯಿಂದ ದಾಟಿಹೋಗುತ್ತಾರೆ. ಯೆಹೂದ್ಯರು ಹೊಕ್ಕುಬಳಕೆ ಇಟ್ಟುಕೊಳ್ಳದ ಸಮಾರ್ಯದವನೊಬ್ಬ ನಿಲ್ಲುತ್ತಾನೆ. ಊರು ಮತ್ತು ಕೇರಿಯ ನಡುವಿನ ಗೆರೆ ಬಲ್ಲ ಕನ್ನಡದ ಓದುಗರಿಗೆ ಈ ಕಥೆಯ ಕಾವು ಬೇಗ ತಟ್ಟುತ್ತದೆ. ಯಾರ ಕೈಯ ನೀರನ್ನೂ ಮುಟ್ಟುತ್ತಿರಲಿಲ್ಲವೋ ಅವನ ಕೈಯಿಂದಲೇ ಗಾಯಕ್ಕೆ ಎಣ್ಣೆ ಬೀಳುತ್ತದೆ.

ಕಥೆಯಲ್ಲಿ ಸಮಾರ್ಯದವನ ಮನಸ್ಸಿನ ಬಗ್ಗೆ ಇರುವುದು ಅವನು ಕನಿಕರಪಟ್ಟನೆಂಬುದಷ್ಟೇ, ಉಳಿದದ್ದೆಲ್ಲ ಕೆಲಸ. ಹತ್ತಿರ ಹೋದ, ಗಾಯ ಕಟ್ಟಿದ, ತನ್ನ ಪಶುವಿನ ಮೇಲೆ ಕೂರಿಸಿದ, ಛತ್ರಕ್ಕೆ ಒಯ್ದ, ರಾತ್ರಿ ಆರೈಕೆ ಮಾಡಿದ. ಮರುದಿನ ಛತ್ರದವನ ಕೈಗೆ ಎರಡು ದಿನಾರಿಗಳನ್ನು, ಅಂದರೆ ಆಗಿನ ಲೆಕ್ಕದಲ್ಲಿ ಎರಡು ದಿನದ ಕೂಲಿಯನ್ನು ಇಟ್ಟ. ಹೆಚ್ಚಿನ ಖರ್ಚನ್ನು ಮರಳಿ ಬಂದಾಗ ತೀರಿಸುವುದಾಗಿ ಹೇಳಿದ. ಈ ಕೊನೆಯ ಮಾತಿನಲ್ಲಿ ಕಥೆಯ ತೂಕವಿದೆ. ಕರುಣೆ ಎಂಥವರಿಗೂ ಒಮ್ಮೆ ಉಕ್ಕಬಹುದು. ಮರಳಿ ಬರುವುದು ಮಾತ್ರ ಪ್ರೀತಿಯಿಂದ ಆಗುವ ಕೆಲಸ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳಲ್ಲಿ ಕಣ್ಣಿಗೆ ಬೀಳುವ ನೋವೂ ಇದೆ, ಬೀಳದ್ದೂ ಇದೆ. 2020ರ ಅಕ್ಟೋಬರ್‌ನಲ್ಲಿ ಭಾರಿ ಮಳೆಯ ಜೊತೆಗೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದಲೂ ನೀರು ಹರಿದುಬಂದಾಗ ಭೀಮಾ ತೀರದ ಹಳ್ಳಿಗಳು ಜಲಾವೃತವಾದವು. ಜನ ಕಾಳಜಿ ಕೇಂದ್ರ ಸೇರಿದರು. ಅದು ಎಲ್ಲರೂ ಕಂಡ ನೋವು. 2022ರ ಹಂಗಾಮಿನಲ್ಲಿ ತೊಗರಿಗೆ ನೆಟೆ ರೋಗ ಬಂತು. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುವುದರಿಂದ, ಹೂ-ಕಾಯಿ ಹೊತ್ತ ಗಿಡ ನಿಂತಲ್ಲೇ ಒಣಗುತ್ತದೆ. ರೈತನ ದುಃಖವೂ ಹಲವು ಸಲ ಹಾಗೆಯೇ: ಹೊರಗಿನಿಂದ ನಿಂತಂತೆ ಕಾಣುತ್ತಾನೆ, ಒಳಗೆ ಒಣಗಿರುತ್ತಾನೆ. ಕೈಸಾಲ, ಸಂಘದ ಕಂತು, ಮುಂಬೈ–ಪುಣೆಗೆ ಗುಳೆ ಹೋದ ಮಗ, ಹಳ್ಳಿಯಲ್ಲಿ ಉಳಿದ ಮುದುಕರು ಮತ್ತು ಮಕ್ಕಳು. ಇವು ಸುದ್ದಿಯಾಗದ ನೋವುಗಳು.

ಕರ್ನಾಟಕದಲ್ಲಿ ಕ್ರೈಸ್ತ ಸೇವೆ ಎಂದರೆ ಮೊದಲು ನೆನಪಾಗುವುದು ಆಸ್ಪತ್ರೆ ಮತ್ತು ಶಾಲೆ. ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಆರಂಭಿಸಿದ ಹೋಮಿಯೋಪಥಿ ಔಷಧಾಲಯ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ಕಲಬುರಗಿಯ ಕಡೆ ಕ್ರೈಸ್ತರ ಸಂಖ್ಯೆಯೇ ಚಿಕ್ಕದು. 2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲೇ ಅವರ ಪಾಲು ಶೇ. 1.87, ಈ ತಾಲ್ಲೂಕುಗಳಲ್ಲಿ ಇನ್ನೂ ವಿರಳ. ಕಥೋಲಿಕ ಸಭೆಯ ಗುಲಬರ್ಗಾ ಧರ್ಮಪ್ರಾಂತ್ಯ ಬಳ್ಳಾರಿಯಿಂದ ಬೇರ್ಪಟ್ಟು ರೂಪುಗೊಂಡದ್ದು 2005ರಲ್ಲಿ. ದೊಡ್ಡ ಸಂಸ್ಥೆಗಳು ಹತ್ತಿರವಿಲ್ಲದ ಕಡೆ ಪ್ರೀತಿಯ ಹೊಣೆ ನೇರವಾಗಿ ಮನೆಮನೆಯ ಮೇಲೆ ಬೀಳುತ್ತದೆ. ಇದು ಕೊರತೆಯಂತೆ ಕಂಡರೂ ಸುವಾರ್ತೆಯ ಕಥೆಗೆ ಹತ್ತಿರವಾದ ಸ್ಥಿತಿ. ಸಮಾರ್ಯದವನ ಬೆನ್ನಿಗೂ ಯಾವ ಸಂಸ್ಥೆಯೂ ಇರಲಿಲ್ಲ.

ದಿನನಿತ್ಯದ ಪ್ರೀತಿಯ ಮೊದಲ ರೂಪ ಸುಮ್ಮನೆ ಜೊತೆಗಿರುವುದು. ಬೈಬಲಿನ ಯೋಬನು ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡಾಗ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಅವನ ಬಳಿ ಮಾತಿಲ್ಲದೆ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೇ. ಬಾಯಿ ತೆರೆದು ಅವನ ಕಷ್ಟಕ್ಕೆ ಅವನ ಪಾಪವೇ ಕಾರಣವೆಂದು ವಾದಿಸತೊಡಗಿದಾಗ ಕೆಟ್ಟರು. ಆತ್ಮಹತ್ಯೆ ನಡೆದ ರೈತನ ಮನೆಗೆ ಹೋಗುವವರಿಗೆ ಇದು ನೇರ ಪಾಠ. ಕಾರಣ ಕೆದಕುವುದು, ಹಣೆಬರಹದ ಮಾತಾಡುವುದು, ಬೇಗ ಸಮಾಧಾನ ಹೇಳಿ ಎದ್ದುಬರುವುದು ಗಾಯವನ್ನು ಹೆಚ್ಚಿಸುತ್ತವೆ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸದೆ, ನೆರೆಹೊರೆಯವರೇ ರೊಟ್ಟಿಬುತ್ತಿ ತರುವ ಪದ್ಧತಿಯಲ್ಲಿ ಈ ತಿಳಿವು ಇದೆ. ಆದರೆ ಬುತ್ತಿ ಕೆಲವು ದಿನಗಳಿಗೆ ನಿಲ್ಲುತ್ತದೆ. ಆ ಮನೆಯ ಹೆಣ್ಣುಮಗಳು ನಿಜವಾಗಿ ಒಂಟಿಯಾಗುವುದು ಆಮೇಲೆ. ಮೂರನೆಯ ತಿಂಗಳಲ್ಲಿ ಬಾಗಿಲು ತಟ್ಟುವವರು ಬೇಕು.

ಎರಡನೆಯ ರೂಪ ಕಾಲಿನ ಕೆಲಸ. ಆತ್ಮಹತ್ಯೆ ಮಾಡಿಕೊಂಡ ರೈತನ ಕುಟುಂಬಕ್ಕೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ. ಅದಕ್ಕೆ ಪೊಲೀಸ್ ದೂರು, ಮರಣೋತ್ತರ ಪರೀಕ್ಷೆಯ ವರದಿ, ಪಹಣಿ, ಸಾಲದ ದಾಖಲೆ ಎಲ್ಲವೂ ಬೇಕು. ಹೊಲ ಇನ್ನೂ ಮಾವನ ಹೆಸರಲ್ಲಿದ್ದರೆ, ಸಾಲ ಖಾಸಗಿಯವರದಾಗಿದ್ದು ಕಾಗದವೇ ಇಲ್ಲದಿದ್ದರೆ, ಓದುಬರಹ ಬಾರದ ವಿಧವೆ ಒಬ್ಬಳೇ ಏನು ಮಾಡಿಯಾಳು? ಅವಳ ಜೊತೆ ತಹಶೀಲ್ದಾರ್ ಕಚೇರಿಗೆ ನಾಲ್ಕು ಸಲ ಹೋಗಿಬರುವವರು ನೂರು ಪ್ರಾರ್ಥನೆಗಳನ್ನು ನಡೆದು ತೋರಿಸಿದಂತೆ. ಸಾಲದ ಕಂತು ವಸೂಲಿ ಮಾಡುವವರ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸುಗ್ರೀವಾಜ್ಞೆ ತಂದಿತು. ಮನಸ್ಸು ಕುಸಿದವರಿಗೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ. ಇಂಥದ್ದನ್ನು ತಿಳಿದು ತಿಳಿಸುವುದೂ ಗಾಯ ಕಟ್ಟುವ ಕೆಲಸವೇ.

ಕ್ರೈಸ್ತರ ಇಂಥ ನೆರವಿನ ವಿರುದ್ಧ ಎರಡು ಗಂಭೀರ ಆಕ್ಷೇಪಗಳಿವೆ. ಮೊದಲನೆಯದು ಆಮಿಷದ್ದು. ಕರ್ನಾಟಕದಲ್ಲಿ 2022ರಲ್ಲಿ ಬಂದ ಮತಾಂತರ ಕುರಿತ ಕಾಯ್ದೆ ಉಡುಗೊರೆ, ಹಣ, ಉಚಿತ ಶಿಕ್ಷಣಗಳನ್ನು ಆಮಿಷದ ಪಟ್ಟಿಗೆ ಸೇರಿಸಿತು. ಕ್ರೈಸ್ತರ ನೆರವಿನ ಹಿಂದೆ ಮತಾಂತರದ ಉದ್ದೇಶವಿದೆಯೆಂಬ ಸಂಶಯ ಹಳ್ಳಿಗಳಲ್ಲೂ ಇದೆ. ಕಾಯ್ದೆಯ ವಾದವನ್ನು ಬದಿಗಿಟ್ಟು ಬೈಬಲಿನೊಳಗಿನಿಂದಲೇ ನೋಡಬಹುದು. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದಾಗ ತಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ. ಉಳಿದ ಒಂಬತ್ತು ಮಂದಿಯಿಂದ ಆರೋಗ್ಯವನ್ನು ಹಿಂದಕ್ಕೆ ಪಡೆಯಲಿಲ್ಲ. ಕೊಟ್ಟದ್ದಕ್ಕೆ ನಂಬಿಕೆಯನ್ನು ಬೆಲೆಯಾಗಿ ಕೇಳಿದರೆ ಅದು ವ್ಯಾಪಾರ, ಪ್ರೀತಿಯಲ್ಲ. ನೊಂದವರು ತಾವಾಗಿ ಕೇಳಿದರೆ ತನ್ನ ನಂಬಿಕೆಯನ್ನು ಮರೆಮಾಚಬೇಕಿಲ್ಲ; ಕೇಳದಿದ್ದರೂ ಬುತ್ತಿ ಕಡಿಮೆಯಾಗಬಾರದು. ಈ ನಿಯಮವನ್ನು ಪಾಲಿಸುವ ನೆರವಿಗೆ ಸಂಶಯದ ಭಯವಿಲ್ಲ.

ಎರಡನೆಯ ಆಕ್ಷೇಪ ನ್ಯಾಯದ್ದು. ರೊಟ್ಟಿ ಕೊಟ್ಟರೆ ಸಾಲ ತೀರುವುದೇ, ಕಂಬಳಿ ಹಂಚಿದರೆ ಹೊಳೆ ನಿಲ್ಲುವುದೇ ಎಂಬ ಮಾತು ನಿಜ. ಆದರೆ ಆದಿ ಕ್ರೈಸ್ತ ಸಭೆಯೇ ಇದಕ್ಕೆ ದಾರಿ ತೋರಿದೆ. ದಿನದ ಊಟ ಹಂಚುವಾಗ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆಯೆಂಬ ದೂರು ಬಂದಾಗ, ಅಪೊಸ್ತಲರು ದೂರಿದವರನ್ನು ಗದರಲಿಲ್ಲ. ಆ ಕೆಲಸಕ್ಕೆಂದೇ ಏಳು ಮಂದಿಯನ್ನು ನೇಮಿಸುವ ವ್ಯವಸ್ಥೆ ಮಾಡಿದರು. ಪ್ರೀತಿ ನಿಜವಾಗಿದ್ದರೆ ಅದು ನ್ಯಾಯ ಕೇಳುತ್ತದೆ. ಹೊಳೆದಂಡೆಯ ಊರಿನ ಸ್ಥಳಾಂತರಕ್ಕೆ, ಬೆಳೆ ಪರಿಹಾರಕ್ಕೆ ಎಲ್ಲರ ಜೊತೆ ನಿಂತು ದನಿ ಎತ್ತುತ್ತದೆ.

ಇಂಥ ಪ್ರೀತಿ ಈ ನೆಲಕ್ಕೆ ಹೊಸದೂ ಅಲ್ಲ. ಹಳೆಯ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು (1746–1822) ದಾಸೋಹವನ್ನೇ ಬದುಕಾಗಿಸಿಕೊಂಡವರು. ಗಾಣಗಾಪುರದಲ್ಲಿ ಮಧ್ಯಾಹ್ನ ಭಿಕ್ಷೆಗೆ ಬರುವವರಲ್ಲಿ ದತ್ತಾತ್ರೇಯನೇ ಇರಬಹುದೆಂಬ ನಂಬಿಕೆ ಇದೆ. ಹಸಿದವನಿಗೆ, ಅಪರಿಚಿತನಿಗೆ ಮಾಡಿದ್ದು ತನಗೇ ಮಾಡಿದ್ದೆಂಬ ಯೇಸುವಿನ ಬೋಧನೆ ಆ ನಂಬಿಕೆಯ ಪಕ್ಕದಲ್ಲೇ ನಿಲ್ಲುತ್ತದೆ. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಹೀಗಾಗಿ ಇಲ್ಲಿನ ಕ್ರೈಸ್ತರು ಪ್ರೀತಿಯನ್ನು ಹೊರಗಿನಿಂದ ತರಬೇಕಿಲ್ಲ. ನೆರೆಯವರಿಂದ ಕಲಿಯುತ್ತ, ತಮ್ಮ ಗುರುವಿನ ಮಾತಿನಂತೆ ನಡೆದರೆ ಸಾಕು.

ಕಾಳಜಿ ಕೇಂದ್ರ ಮುಚ್ಚಿ, ಭೀಮೆ ತನ್ನ ಪಾತ್ರಕ್ಕೆ ಮರಳಿದ ಮೇಲೆ ಮನೆಯಲ್ಲಿ ಕೆಸರು, ಹೊಲದಲ್ಲಿ ಕೊಳೆತ ಬೆಳೆ, ಎದೆಯಲ್ಲಿ ಮುಂದಿನ ವರ್ಷದ ಚಿಂತೆ ಉಳಿಯುತ್ತವೆ. ಸಮಾರ್ಯದವನು ಮರಳಿ ಬರುತ್ತೇನೆಂದು ಮಾತು ಕೊಟ್ಟದ್ದು ಇಂಥ ದಿನಗಳಿಗಾಗಿ. ಆ ದಿನಗಳಲ್ಲಿ ಯಾರು ಸಲಿಕೆ ಹಿಡಿದು ಆ ಅಂಗಳಕ್ಕೆ ಬರುತ್ತಾರೋ ಅವರೇ ನೆರೆಯವರು.