ಬಿಎಫ್‌ಸಿ ಕಥೆ, ಭಾಗ 6: ಮುಂದೆ ಹಬ್ಬ, ಹಿಂದೆ ಬಾಗಿಲು ತೆಗೆದೇ ಇತ್ತು

"ಫೈನಲ್‌ಗೆ ಹೋದ್ವಲ್ಲ ಗುರು, ಇನ್ನೇನ್ ಬೇಕು ನಿಂಗೆ?" ಭಾಗ 5ರಲ್ಲಿ ನಮ್ಮ ಡಿಫೆನ್ಸ್ ಇನ್ನೂ ಸರಿಹೋಗಿಲ್ಲ ಅಂತ ಬರೆದಿದ್ದಕ್ಕೆ ಅರ್ಧ ಕ್ಲಾಸು ನನ್ ಮೇಲೆ ಬಿದ್ದಿದೆ. ಸರಿ, ಲೆಕ್ಕ ಹಾಕೇಬಿಡೋಣ.

2023-24 ನೆನಪಿದೆಯಾ? ಡಿಸೆಂಬರ್‌ನಲ್ಲಿ ಕಂಠೀರವದಲ್ಲೇ ಮುಂಬೈ ಸಿಟಿ ಎದುರು 0-4. ಕೋಚ್ ಸೈಮನ್ ಗ್ರೇಸನ್ ಮನೆಗೆ. ಏಪ್ರಿಲ್‌ನಲ್ಲಿ ಅದೇ ಮೈದಾನದಲ್ಲಿ ಮೋಹನ್ ಬಗಾನ್ ಎದುರು ಇನ್ನೊಂದು 0-4. 22 ಮ್ಯಾಚ್, ಹೊಡೆದ ಗೋಲು 20, ತಿಂದಿದ್ದು 34, ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ.

ಆಮೇಲೆ ಹೊಸ ಕೋಚ್ ಜೆರಾರ್ಡ್ ಝರಗೋಝಾ ಕೈಗೆ ಹೊಸ ತಂಡ ಸಿಕ್ತು. ಯಾರ ಹತ್ರ ನಾಲ್ಕು ತಿಂದಿದ್ವೋ ಅವರ ಮನೆಯಿಂದಲೇ ಮೂವರು ಬಂದರು: ರಾಹುಲ್ ಭೇಕೆ, ನೊಗುಯೆರಾ, ಪೆರೇರಾ ಡಿಯಾಜ್. ಜೊತೆಗೆ ಎಡ್ಗರ್ ಮೆಂಡೆಸ್, ಪೆಡ್ರೊ ಕಾಪೊ. ಗೋಲು ಡಬಲ್ ಆಯ್ತು, 40. ನಲವತ್ತು ವಯಸ್ಸಿನ ಛೆಟ್ರಿ ಒಬ್ಬರೇ 14. ಇದನ್ನ ನಾನು ಯಾವತ್ತೂ ಅಲ್ಲಗಳೆದಿಲ್ಲ.

ಆದ್ರೆ ತಿಂದಿದ್ದೆಷ್ಟು? 24 ಮ್ಯಾಚಲ್ಲಿ 31. ಪರವಾಗಿಲ್ಲ ಅನ್ಸತ್ತೆ ಅಲ್ವಾ? ಈಗ ಮೊದಲ ಐದು ಮ್ಯಾಚ್ ಪಕ್ಕಕ್ಕಿಡಿ, ಅದರಲ್ಲಿ ನಾವು ಒಂದೂ ಗೋಲು ಬಿಟ್ಟಿರಲಿಲ್ಲ. ಅಂದ್ರೆ ಆ 31 ಗೋಲೂ ಬಂದಿದ್ದು ಉಳಿದ 19 ಮ್ಯಾಚಲ್ಲಿ. ಮ್ಯಾಚಿಗೆ 1.63. ಹತ್ತನೇ ಸ್ಥಾನಕ್ಕೆ ಬಿದ್ದ ವರ್ಷ ಎಷ್ಟಿತ್ತು ಗೊತ್ತಾ? 1.55. ಕ್ಯಾಲ್ಕುಲೇಟರ್ ತೆಗೆದು ನೀವೇ ಒತ್ತಿ ನೋಡಿ.

2025ರ ಜನವರಿಯಂತೂ ಮರೆಯೋಕಾಗಲ್ಲ. ಜಮ್ಶೆಡ್‌ಪುರ ಎದುರು ಮುಂದಿದ್ದು ಕೊನೆಯಲ್ಲಿ ಸೋತ್ವಿ. ಟೇಬಲ್ಲಿನ ತಳದಲ್ಲಿ ಉಳಿದ ಮೊಹಮ್ಮಡನ್ ನಮ್ಮೂರಿಗೇ ಬಂದು 1-0 ಗೆದ್ದುಕೊಂಡು ಹೋಯ್ತು. ಒಡಿಶಾ ಎದುರು 2-0 ಇಟ್ಕೊಂಡು 2-3. ಎರಡು ಗೋಲು ಮುಂದಿರುವಾಗ್ಲೂ ನೆಮ್ಮದಿಯಾಗಿ ಕೂರೋಕಾಗಲ್ಲ ಅಂದ್ರೆ ಅದನ್ನ ಬ್ಯಾಡ್ ಲಕ್ ಅನ್ನಬೇಡಿ.

ಕಾರಣ ನನಗೆ ಕಾಣೋದು ಹೀಗೆ. ಎಡಗಡೆ ರೋಷನ್, ಬಲಗಡೆ ನಿಖಿಲ್ ಪೂಜಾರಿ. ಇಬ್ಬರೂ ವಿಂಗರ್ ಆಗಿದ್ದು ಆಮೇಲೆ ಬ್ಯಾಕ್ ಆದವರು. ಕಾಲು ಮುಂದಕ್ಕೇ ಎಳೆಯುತ್ತೆ. ರೋಷನ್ ಕ್ರಾಸ್ ನೋಡೋಕೆ ನಂಗೂ ಇಷ್ಟ, ಆದ್ರೆ ಅವನು ಮೇಲೆ ಹೋದಾಗ ಹಿಂದೆ ಉಳಿಯೋ ಜಾಗ ಯಾರದ್ದು? ಅಲ್ಲಿಗೆ ಓಡಬೇಕಾದವರು ಭೇಕೆ ಮತ್ತು ಯೊವಾನೊವಿಚ್. ಸೀಸನ್ ಮುಗಿಯೋ ಹೊತ್ತಿಗೆ ಒಬ್ಬರಿಗೆ 34, ಇನ್ನೊಬ್ಬರಿಗೆ 35. ಬಾಲ್ ಎಲ್ಲಿ ಬೀಳುತ್ತೆ ಅಂತ ಓದೋದ್ರಲ್ಲಿ ಇಬ್ಬರೂ ಪಂಟರು. ಓಟದ ಪಂದ್ಯಕ್ಕೆ ಇಳಿಸಿದ್ರೆ ಮಾತ್ರ ಕಷ್ಟ.

ಅದಕ್ಕಿಂತ ದೊಡ್ಡ ತಪ್ಪು ಫಾರಿನ್ ಪ್ಲೇಯರ್ ಲೆಕ್ಕದಲ್ಲಿ. ಆರು ಜನರಲ್ಲಿ ಡಿಫೆಂಡರ್ ಯೊವಾನೊವಿಚ್ ಒಬ್ಬರೇ, ಉಳಿದ ಐವರೂ ಅವರ ಮುಂದೆ ಆಡೋರು. ಚಾಂಪಿಯನ್ ಮೋಹನ್ ಬಗಾನ್ ನೋಡಿ: ನಡುವಲ್ಲಿ ಆಲ್ಡ್ರೆಡ್, ಆಲ್ಬರ್ಟೊ ಇಬ್ಬರೂ ಫಾರಿನ್. ತಿಂದಿದ್ದು 24 ಮ್ಯಾಚಿಗೆ ಬರೀ 16, ನಮ್ಮದರ ಹತ್ತಿರಹತ್ತಿರ ಅರ್ಧ.

ಮುಂಬೈಗೆ 5-0 ಹೊಡೆದ ರಾತ್ರಿ ನಾನೂ ಗಂಟಲು ಕಟ್ಟೋವರೆಗೂ ಕೂಗಿದೀನಿ. ಆದ್ರೆ ಸೆಮಿಫೈನಲ್ ನೆನಪು ಮಾಡ್ಕೊಳ್ಳಿ. ಗೋವಾ ಎದುರು ಮೊದಲ ಲೆಗ್‌ನ 2-0 ಲೀಡನ್ನ ಫಟೋರ್ಡಾದಲ್ಲಿ ಪೂರ್ತಿ ಕಳ್ಕೊಂಡು, ಇಂಜುರಿ ಟೈಮಲ್ಲಿ ಛೆಟ್ರಿ ಹೆಡ್ಡರ್‌ನಿಂದ ಬಚಾವಾದ್ವಿ. ಆರು ದಿನ ಬಿಟ್ಟು ಏಪ್ರಿಲ್ 12ಕ್ಕೆ ಕೋಲ್ಕತ್ತಾದಲ್ಲಿ ಫೈನಲ್. ಅಲ್ಲೂ ಮೊದಲು ಮುಂದಿದ್ದು ನಾವೇ. ಆಮೇಲೆ ಹ್ಯಾಂಡ್‌ಬಾಲ್, ಪೆನಾಲ್ಟಿ, ಎಕ್ಸ್‌ಟ್ರಾ ಟೈಮಲ್ಲಿ ಮೆಕ್ಲಾರೆನ್. 1-2.

ಹಾಗಾಗಿ ನನ್ನ ವಾದ ಇಷ್ಟೇ. ರಯಾನ್ ವಿಲಿಯಮ್ಸ್ 2025ರಲ್ಲಿ ಭಾರತದ ಪಾಸ್‌ಪೋರ್ಟ್ ತಗೊಂಡರು, ಒಂದು ಫಾರಿನ್ ಜಾಗ ಪುಕ್ಕಟೆ ಸಿಕ್ಕ ಹಾಗೆ. ಅದು ಇನ್ನೊಬ್ಬ ಸ್ಟ್ರೈಕರ್‌ಗೆ ಹೋಗಬಾರದು. ಎತ್ತರ ಇರೋ, ಮುಖ್ಯವಾಗಿ ಓಡೋಕೆ ಬರೋ ಸೆಂಟರ್ ಬ್ಯಾಕ್‌ಗೆ ಹೋಗ್ಬೇಕು. ರೀಲ್ಸ್‌ಗೆ ಅಂಥವನಿಂದ ಏನೂ ಸಿಗಲ್ಲ, ಗೊತ್ತು.

ಭಾಗ 7: ಗುರ್‌ಪ್ರೀತ್ ಬಗ್ಗೆ. ಬೈಯೋರು ಈಗ್ಲೇ ಕಾಮೆಂಟಲ್ಲಿ ಕ್ಯೂ ನಿಲ್ಲಿ.